ಕೂಳೆ ಕಬ್ಬಿನ ಗೂಡು

ನಮ್ಮ ಅತ್ತೆಯ ಮನೆಯಲ್ಲಿ ಹಂದಿಗೆ ಹಂದಿ ಅನ್ನುವಂತಿರಲಿಲ್ಲ. ಬೆಳೆ ನಿಂತಿರುವಾಗ ಹೆಸರು ಹಿಡಿದು ಕರೆದರೆ ಓಗೊಟ್ಟು ಬಂದುಬಿಡುತ್ತವೆ ಎಂದು ಅತ್ತೆಯ ನಂಬಿಕೆ. ‘ಮಿಕ’ ಅನ್ನಬೇಕು, ಇಲ್ಲವೆ ಬರೀ ‘ಅವು’ ಅನ್ನಬೇಕು. ಮದುವೆಯಾಗಿ ಹೊಸಪೇಟೆಯಿಂದ ಆ ಮನೆಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಅತ್ತೆ ಗದ್ದೆಯಿಂದ ಬಂದವರೇ, ರಾತ್ರಿ ಅವು ಬಂದು ಹೊಟ್ಟೆ ತುಂಬ ಮೇದು ಹೋಗಿವೆ ಎಂದರು. ನಾನು ಪಕ್ಕದ ಮನೆಯ ಎಮ್ಮೆಗಳಿರಬೇಕು ಎಂದುಕೊಂಡು, ಹಾಗಾದರೆ ಅವರ ಮನೆಗೆ ಹೋಗಿ ಕೇಳಬೇಕಲ್ಲ ಅಂದೆ. ನನ್ನ ಬಾಯಿ ಆಗಿನಿಂದಲೂ ಸ್ವಲ್ಪ ಮುಂದು. “ಹೋಗವ್ವ, ಕೇಳಿ ಬಾ. ಅವುಗಳ ಮನಿ ಗುಡ್ಡದಾಗ ಐತಿ” ಎಂದರು ಅತ್ತೆ. ಆ ಮಾತನ್ನು ಮನೆಯವರು ಬಹಳ ವರ್ಷ ಆಡಿಕೊಂಡು ನಕ್ಕರು.

ನನ್ನ ತವರು ಅಂಗಡಿಯವರ ಮನೆ. ಲಿಂಗ ಕಟ್ಟಿಕೊಂಡವರು, ಮಾಂಸದ ವಾಸನೆ ಬಂದರೆ ಬೀದಿ ಬದಲಿಸುವವರು. ಕಾಡುಪ್ರಾಣಿಯ ಸುದ್ದಿ ನನಗೆ ತಿಳಿದದ್ದೆಲ್ಲ ಅಪ್ಪನ ಅಂಗಡಿಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುವವರ ಬಾಯಿಂದ. ಹೊಸಪೇಟೆ ಸುತ್ತಿನ ಹಂದಿಗಳು ಉಣ್ಣುವುದು ಮದರಾಸು ಸರ್ಕಾರದ ಸೀಮೆಯಲ್ಲಿ, ಮಲಗುವುದು ಸಂಡೂರು ಸಂಸ್ಥಾನದಲ್ಲಿ ಎಂದು ಅವರು ಹೇಳುತ್ತಿದ್ದರು. ಗುಡ್ಡದ ಆಚೆ ಕಾಡು ರಾಜರದು, ಈಚೆಯವರು ಈಟಿ ಹಿಡಿದು ಅತ್ತ ಕಾಲಿಟ್ಟರೆ ತಪ್ಪಾಗುತ್ತಿತ್ತು. ಗಡಿಯ ಕಲ್ಲು ಎಲ್ಲಿದೆ ಎಂದು ಅಮಲ್ದಾರರಿಗಿಂತ ಹಂದಿಗಳಿಗೇ ಚೆನ್ನಾಗಿ ಗೊತ್ತು ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಂದು ಹಂದಿಯನ್ನೂ ಕಂಡಿರಲಿಲ್ಲ.

ಗಂಡನ ಮನೆ ಕಂಪ್ಲಿಗೂ ಎಮ್ಮಿಗನೂರಿಗೂ ನಡುವೆ, ರಾಯರ ಕಾಲದ ಹಳೆಯ ಕಾಲುವೆಯ ಕೆಳಗೆ. ಒಂದಿಷ್ಟು ಭತ್ತ, ಉಳಿದದ್ದೆಲ್ಲ ಕಬ್ಬು. ನಾನು ಬರುವ ಮೊದಲೇ ಮಾವ ತೀರಿಕೊಂಡಿದ್ದರು. ನನ್ನ ಗಂಡ ಸಂತೆ, ಗಿರಣಿ, ಕಚೇರಿ ಎಂದು ತಿರುಗುವವರು. ಗದ್ದೆಯ ಯಜಮಾನಿಕೆ ಪೂರ್ತಿ ಅತ್ತೆಯದು. ಹಣೆಯ ತುಂಬ ವಿಭೂತಿ, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ, ಕೈಯಲ್ಲಿ ಒಂದು ಜಾಲಿ ಕೋಲು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಆಳುಮಕ್ಕಳು ಉಣ್ಣದೆ ತಾವು ಉಂಡದ್ದನ್ನು ನಾನು ಕಾಣೆ.

ಅತ್ತೆ ಬೆಳಗಿನ ಜಾವ ಗದ್ದೆ ಸುತ್ತಿ ಬಂದರೆ ರಾತ್ರಿ ನಡೆದದ್ದನ್ನೆಲ್ಲ ಕಂಡವರ ಹಾಗೆ ಹೇಳುತ್ತಿದ್ದರು. ಮಿಕ ಕಬ್ಬನ್ನು ನುಂಗುವುದಿಲ್ಲ. ಅಗಿದು, ರಸ ಹೀರಿ, ಸಿಪ್ಪೆಯನ್ನು ಮುದ್ದೆ ಮಾಡಿ ಉಗುಳುತ್ತದೆ. ಮುದ್ದೆ ಹಸಿಯಾಗಿದ್ದರೆ ಈಗ ತಾನೇ ಎದ್ದು ಹೋಗಿದೆ, ಇರುವೆ ಮುತ್ತಿದ್ದರೆ ರಾತ್ರಿಯದು, ಒಣಗಿ ಬೆಳ್ಳಗಾಗಿದ್ದರೆ ನಿನ್ನೆಯದು. ಕೆಸರಿನಲ್ಲಿ ಹೊರಳಿ ಬಂದು ದಿನ್ನೆಯ ಬೇವಿನ ಬೊಡ್ಡೆಗೆ ಮೈ ಉಜ್ಜಿದರೆ, ಆ ಕೆಸರು ಎಷ್ಟು ಎತ್ತರಕ್ಕೆ ಹತ್ತಿದೆಯೋ ಅಷ್ಟು ಎತ್ತರದ ಪ್ರಾಣಿ. ಹಿಂಡು ಬಂದರೆ ಒಂದು ಸಾಲು ಹಿಡಿದು ಒಪ್ಪವಾಗಿ ಮೇದು ಹೋಗುತ್ತದೆ, ಯಾಕೆಂದರೆ ಮುಂದೆ ಒಂದು ಮುದಿ ಹೆಣ್ಣು ಇರುತ್ತದೆ, ಅದು ಹೋದ ಕಡೆಗೇ ಉಳಿದವೂ ಹೋಗಬೇಕು. ನಮ್ಮ ಮನೆಯ ಹಾಗೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಒಂಟಿ ಗಂಡು ಬಂದರೆ ಮಾತ್ರ ಜಲ್ಲೆಗೊಂದು ಬಾಯಿ ಹಾಕಿ, ತಿಂದದ್ದಕ್ಕಿಂತ ಕೆಡವಿದ್ದೇ ಹೆಚ್ಚು ಮಾಡಿ ಹೋಗುತ್ತದೆ. ಅದನ್ನು ಅವರು ಒಂಟಿಗ ಎನ್ನುತ್ತಿದ್ದರು, ಆಸ್ತಿ ಪಾಲಾಗಿ ಬೇರೆ ಹೋದ ಮೈದುನನ ಬಗ್ಗೆ ಮಾತಾಡುವಂತೆ.

ಅವುಗಳನ್ನು ತಡೆಯಲು ಅತ್ತೆ ಮಾಡದ ಉಪಾಯವಿಲ್ಲ. ಕಂಪ್ಲಿಯ ಕ್ಷೌರಿಕರಿಂದ ಗೋಣಿಚೀಲದಲ್ಲಿ ಕೂದಲು ತರಿಸಿ ಬದುವಿನ ಉದ್ದಕ್ಕೂ ಚೆಲ್ಲಿಸುತ್ತಿದ್ದರು. ಮಿಕದ ಬದುಕೆಲ್ಲ ಅದರ ಮೂಗಿನಲ್ಲಿದೆ, ನೆಲ ಮೂಸುತ್ತ ಬಂದಾಗ ಕೂದಲು ಮೂಗಿಗೆ ಹೊಕ್ಕರೆ ಸೀನಿ ಸೀನಿ ಹಿಂದಕ್ಕೆ ಹೋಗುತ್ತದೆ. ತಲೆ ಬಾಚಿ ಬಿಟ್ಟ ನನ್ನ ಕೂದಲ ಉಂಡೆಗಳನ್ನೂ ಗೋಡೆಯ ಗೂಡಿನಿಂದ ತೆಗೆದುಕೊಂಡು ಹೋಗುತ್ತಿದ್ದರು. ಕೂದಲಿಗೆ ಬದಲು ಸೂಜಿ ಪಿನ್ನು ಕೊಡುವವಳು ಬಂದಾಗ ಕೊಡಲು ನನ್ನ ಬಳಿ ಒಂದೆಳೆಯೂ ಇರುತ್ತಿರಲಿಲ್ಲ. ಒಂದು ಅಮಾವಾಸ್ಯೆ ಕಳೆಯುವುದರೊಳಗೆ ಮಿಕಗಳು ಕೂದಲಿಗೂ ಹೊಂದಿಕೊಂಡವು. ಊರಿನವರ ಕೂದಲಿಗಿಂತ ನಿನ್ನ ಕೂದಲಿಗೇ ಬೇಗ ಹೊಂದಿಕೊಂಡವು ಎಂದು ಅತ್ತೆ ನನ್ನನ್ನು ಚುಚ್ಚಿದರು.

ನನ್ನ ಚೊಚ್ಚಲ ಕೂಸು ಹುಟ್ಟುವಾಗಲೇ ತೀರಿಹೋಯಿತು. ಅದನ್ನು ಇಲ್ಲಿ ಇಷ್ಟರಲ್ಲೇ ಹೇಳಿ ಮುಗಿಸುತ್ತೇನೆ. ಅದರ ಮುಂದಿನ ವರ್ಷ ಅತ್ತೆ ಹರಕೆ ಹೊತ್ತು ನನ್ನನ್ನು ಹಂಪೆಗೆ ಕರೆದುಕೊಂಡು ಹೋದರು. ದರ್ಶನ ಮುಗಿಸಿ ಬರುವಾಗ ಗಾಡಿಯ ಎತ್ತುಗಳಿಗೆ ನೀರು ಕುಡಿಸಲು ದಾರಿ ಬಿಟ್ಟು ಒಂದು ಪಾಳು ಮಂಟಪದ ಹತ್ತಿರ ನಿಂತೆವು. ಕಲ್ಲುಚಪ್ಪಡಿ ಕಿತ್ತುಹೋದ ಜಾಗದಲ್ಲಿ ಮಣ್ಣನ್ನು ಹೊಟ್ಟೆಯಿಂದ ಒತ್ತಿ ಒತ್ತಿ ಬೋಗುಣಿಯಂತೆ ನುಣುಪು ಮಾಡಿದ ಹಾಸಿಗೆಗಳಿದ್ದವು. ಕಂಬದ ಮೇಲೆ ಕುದುರೆ ಆನೆ ಕೆತ್ತಿದ್ದರು, ಅವುಗಳ ಕಾಲಿನವರೆಗೂ ಒಣಗಿದ ಕೆಸರು ಮೆತ್ತಿತ್ತು. ಅತ್ತೆ ಕಂಬವನ್ನು ಮುಟ್ಟಿ ನೋಡಿ, ನಮ್ಮ ಮಿಕಗಳ ಬೀಗರು ಇಲ್ಲಿದ್ದಾರೆ ಎಂದರು. ಹಾಳೂರಿಗೆ ಉಳಿದವನೇ ಗೌಡ ಎನ್ನುವುದು ಇದಕ್ಕೇ ಇರಬೇಕು ಎಂದು ನಾನು ಅಂದದ್ದಕ್ಕೆ, ಕೂಸು ಹೋದ ಮೇಲೆ ಮೊದಲ ಸಲ ಇಬ್ಬರೂ ನಕ್ಕೆವು.

ಮುಂದಿನ ಸುಗ್ಗಿಯ ಹೊತ್ತಿಗೆ ನಾನು ಮತ್ತೆ ಬಸುರಿ. ಮನೆಯಲ್ಲಿ ಅತ್ತೆಯ ನಡೆ ನುಡಿಯೇ ಬದಲಾಯಿತು. ಬಸುರಿ ಇರುವ ಮನೆಯವರು ಹಾವು ಹೊಡೆಯಬಾರದು, ಹೆಣ ಹೊರಬಾರದು, ಹಕ್ಕಿಯ ಗೂಡು ಕೆಡವಬಾರದು ಎನ್ನುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಅತ್ತೆ ಅದಕ್ಕೆ ಇನ್ನೂ ನಾಲ್ಕು ಸೇರಿಸಿದರು. ತೊಲೆಯ ಮೇಲಿನ ಜೇಡರ ಬಲೆಗೂ ಕಸಪೊರಕೆ ಮುಟ್ಟುವಂತಿರಲಿಲ್ಲ. ಅಡುಗೆಮನೆ ಬಲೆ ಕಟ್ಟಿ ಕರ್ರಗಾಯಿತು. ನನಗೆ ಒಳಗೊಳಗೇ ನಗು, ಅದರ ಕೆಳಗೆ ಹೆದರಿಕೆ. ಈ ಸಲವೂ ಕೈ ತಪ್ಪಿದರೆ ಏನು ಗತಿ ಎಂದು ನಾವಿಬ್ಬರೂ ಯೋಚಿಸುತ್ತಿದ್ದೆವು. ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ಸಂಕ್ರಾಂತಿ ಕಳೆದು ಗಾಣ ಹೂಡಿದ್ದೆವು. ಒಂದು ಬೆಳಿಗ್ಗೆ ಅತ್ತೆ ಗದ್ದೆಯಿಂದ ತಡವಾಗಿ ಬಂದರು. ಕೈಕಾಲು ತೊಳೆದು ಸೀದಾ ಒಲೆಯ ಮುಂದೆ ನನ್ನ ಪಕ್ಕ ಕೂತು, ಕಾಲುವೆಯ ಅಂಚಿನ ಕೂಳೆ ಕಬ್ಬಿನಲ್ಲಿ ತಾವು ಕಂಡದ್ದನ್ನು ಹೇಳಿದರು. ಹೋದ ವರ್ಷ ಕಡಿದ ಬುಡದಿಂದಲೇ ಮತ್ತೆ ಚಿಗುರಿ ಬರುವ ಕಬ್ಬು ಅದು, ಒತ್ತಾಗಿ, ಸೋಗೆ ನೆಲ ಮುಚ್ಚಿ ಬೆಳೆದಿರುತ್ತದೆ. ಅದರ ಮೂಲೆಯಲ್ಲಿ ಒಂದು ಹೆಣ್ಣು ಮಿಕ ಸೋಗೆಯನ್ನೂ ಹುಲ್ಲನ್ನೂ ಬಾಯಿಂದ ಕಡಿದು ಕಡಿದು ತಂದು, ಬಣವೆಯಂತೆ ಒಟ್ಟಿ, ಅದರ ಅಡಿಗೆ ನುಗ್ಗಿ ಮಾಡು ಎತ್ತಿಕೊಂಡಿತ್ತು. ಹೊರಗಿನಿಂದ ಬರೀ ಸೋಗೆಯ ರಾಶಿ. ಹತ್ತಿರ ಹೋದರೆ ಒಳಗಿನಿಂದ ಸಣ್ಣ ಸಣ್ಣ ದನಿ. ಹೆರಿಗೆ ಹತ್ತಿರ ಬಂದಾಗ ಹೆಣ್ಣು ಹಿಂಡು ಬಿಟ್ಟು ಒಂಟಿಯಾಗಿ ಹೋಗುತ್ತದೆ, ಎಂಥ ಗಂಡನ್ನೂ ಹತ್ತಿರ ಸೇರಿಸುವುದಿಲ್ಲ, ಮರಿ ಕಾಲೂರುವವರೆಗೂ ಗೂಡು ಬಿಟ್ಟು ದೂರ ಹೋಗುವುದಿಲ್ಲ ಎಂದು ಅತ್ತೆ ವಿವರಿಸಿದರು. ಹೇಳುತ್ತಿದ್ದ ಹಾಗೆ ಅವರ ಬಾಯಲ್ಲಿ ‘ಅದು’ ಹೋಗಿ ‘ಆಕಿ’ ಬಂದಿತ್ತು.

“ಯಾರ ಮುಂದೂ ಬಾಯಿ ಬಿಡಬ್ಯಾಡ” ಎಂದರು. “ನಿನ್ನ ಹೊಟ್ಟ್ಯಾಗಿಂದು ಭೂಮಿಗೆ ಬರೋತನಕ ನಮ್ಮ ಗದ್ದ್ಯಾಗ ಇನ್ನೊಬ್ಬ ತಾಯಿ ರಕ್ತ ಬೀಳಬಾರದು.”

ಗೊತ್ತಿಲ್ಲದೆ ಯಾರಾದರೂ ಅಲ್ಲಿ ಕಾಲಿಟ್ಟರೆ ಏನು ಮಾಡುವುದು ಎಂದು ನಾನು ಕೇಳಿದೆ. ಆ ತುಂಡನ್ನು ಕೊನೆಯಲ್ಲಿ ಕಡಿಸುತ್ತೇನೆ, ಅಷ್ಟರೊಳಗೆ ಆಕೆಯೇ ಮರಿ ಕಟ್ಟಿಕೊಂಡು ಹೋಗುತ್ತಾಳೆ ಎಂದರು. ಅದು ಸರಿಯಾದ ಮಾತೇ. ಅಡ್ಡ ಬಂದದ್ದು ಒಂಟಿಗ.

ಆ ವರ್ಷ ಕಾಲುವೆಯ ಜೊಂಡಿನಲ್ಲಿ ಒಂದು ಮುದಿ ಗಂಡು ಬೀಡುಬಿಟ್ಟಿತ್ತು. ನಮ್ಮದಲ್ಲದೆ ಕೆಳಗಿನ ನಾಲ್ಕೈದು ಮನೆಗಳ ಕಬ್ಬನ್ನೂ ಮಲಗಿಸುತ್ತಿತ್ತು. ಗಾಣದ ಸರದಿ ಕಾಯುತ್ತಿದ್ದವರ ಕಬ್ಬು ಅದು, ಕೈಗೆ ಬಂದದ್ದು ಬಾಯಿಗೆ ಬರದಂತಾಯಿತು. ಒಬ್ಬ ಹೆಂಗಸು ಹುಲ್ಲು ಕೊಯ್ಯಲು ಹೋದವಳನ್ನು ಅಟ್ಟಿಸಿಕೊಂಡೂ ಬಂತು. ಬೇಟೆ ಆಡಿಸಿ ಎಂದು ಎಲ್ಲರೂ ನಮ್ಮ ಕಟ್ಟೆಗೇ ಬಂದರು, ಯಾಕೆಂದರೆ ಜೊಂಡಿನ ಬದಿಯ ನೆಲ ನಮ್ಮದು, ಬೇಟೆಗೆ ವೀಳ್ಯ ಕೊಡಬೇಕಾದವರು ನಾವು. ಅತ್ತೆ ಅಮಾವಾಸ್ಯೆ ಕಳೆಯಲಿ ಎಂದರು, ಸೋಮವಾರ ಬೇಡ ಎಂದರು, ಮಗ ಊರಲ್ಲಿಲ್ಲ ಎಂದರು. ಕೊನೆಗೆ ಊರ ಹಿರಿಯರು ಸೊಸೆ ಬಸುರಿಯೆಂದು ಊರೆಲ್ಲ ಉಪವಾಸ ಮಲಗಬೇಕೇನು ಎಂದು ಮುಖಕ್ಕೇ ಕೇಳಿದರು. ಅತ್ತೆ ಒಪ್ಪಿದರು.

ಬೇಟೆಗಾರರು ಹಂಪೆಯ ದಿಕ್ಕಿನ ಕಲ್ಲುಗುಡ್ಡದ ಬುಡದ ಕೇರಿಯವರು. ಅವರ ಹಿರಿಯನನ್ನು ಎಲ್ಲರೂ ನಾಯಕ ಎನ್ನುತ್ತಿದ್ದರು. ಆಗ ನಮ್ಮ ಮನೆಯಲ್ಲಿ ಅವರನ್ನು ‘ಬಂದ, ಹೋದ’ ಎಂದೇ ಮಾತಾಡುತ್ತಿದ್ದೆವು, ಈಗ ಬರೆಯುವಾಗ ಕೈ ಒಪ್ಪುವುದಿಲ್ಲ. ಬೇಟೆಗೆ ಮುಂಚೆ ಗದ್ದೆಯ ಒಡೆಯರು ಬದುವಿನ ಮೇಲೆ ನಿಂತು ನಾಯಕರ ಕೈಗೆ ಎಲೆ ಅಡಿಕೆ ಕೊಡಬೇಕು. ಎಲೆಯ ಜೊತೆಗೆ ಗದ್ದೆಯ ಮಾತನ್ನೂ ಕೊಡಬೇಕು. ಪ್ರಾಣಿ ಎಲ್ಲಿ ಒಳಗೆ ಬರುತ್ತದೆ, ಎಲ್ಲಿ ಮಲಗುತ್ತದೆ, ಗಂಡೋ ಹೆಣ್ಣೋ, ಎಲ್ಲಿ ಹಾಳುಬಾವಿ ಇದೆ, ಎಲ್ಲಿ ಕಾಲು ಕೆಸರಿನಲ್ಲಿ ಹೂತುಹೋಗುತ್ತದೆ, ಹೀಗೆ ಕಂಡದ್ದೆಲ್ಲವನ್ನೂ ಹೇಳಬೇಕು. ಕಬ್ಬಿನೊಳಗೆ ನುಗ್ಗುವವನಿಗೆ ಒಂದು ಮೊಳದ ಆಚೆ ಏನೂ ಕಾಣುವುದಿಲ್ಲ. ಅವನು ಓಡುವುದು ಒಡೆಯರ ಆ ಮಾತನ್ನು ನಂಬಿ. ಮಾತು ಕೊಟ್ಟ ಮೇಲೆ ನಮ್ಮ ಮನೆಯವರು ತಿರುಗಿ ನೋಡದೆ ಮನೆಗೆ ಬಂದುಬಿಡುವುದು ಮಾವನ ಕಾಲದಿಂದ ನಡೆದು ಬಂದ ಪದ್ಧತಿ. ಪ್ರಾಣಿ ಬಿದ್ದದ್ದು ಹೇಗೆ, ಹಂಚಿಕೊಂಡದ್ದು ಹೇಗೆ ಎಂದು ನಾವು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ನಾನು ಗಾಣದ ಕಟ್ಟೆಯ ಮೇಲೆ ಕೂತಿದ್ದೆ. ಬೇಟೆಗೆಂದು ಗಾಣ ನಿಲ್ಲಿಸಿದ್ದರು, ಎತ್ತುಗಳನ್ನು ಬಿಚ್ಚಿ ದೂರ ಕಟ್ಟಿದ್ದರು. ಬದುವಿನ ಮೇಲೆ ಅತ್ತೆ, ಎದುರಿಗೆ ನಾಯಕರು, ಅವರ ಹಿಂದೆ ಬಲೆ ಹೊತ್ತವರು, ಈಟಿಯವರು, ಹಗ್ಗ ಹಾಕಿದ ನಾಯಿಗಳು. ನಾಯಕರು ಒಣಗಿದ ಕಟ್ಟಿಗೆಯಂಥ ಮನುಷ್ಯ, ಮಾತು ಬಹಳ ಕಡಿಮೆ. ಪಕ್ಕದಲ್ಲಿ ಅವರ ಅಳಿಯ, ಮೀಸೆ ಚಿಗುರಿ ಹೆಚ್ಚು ವರ್ಷ ಆಗಿರಲಿಲ್ಲ, ಒಂದು ಎಳೆಯ ಕೆಂದ ನಾಯಿಯ ಕಿವಿ ತುರಿಸುತ್ತ ನಿಂತಿದ್ದ. ಅತ್ತೆ ಒಂಟಿಗನ ಬಗ್ಗೆ ಒಂದೂ ಬಿಡದೆ ಹೇಳಿದರು. ಜೊಂಡಿನ ಯಾವ ಭಾಗದಲ್ಲಿ ಮಲಗುತ್ತದೆ, ಗಾಳಿ ಯಾವ ಕಡೆಯಿಂದ ಬೀಸಿದರೆ ಯಾವ ಕಡೆ ಏಳುತ್ತದೆ, ಹಾಳುಬಾವಿ ಎಲ್ಲಿದೆ. ನಾಯಕರು ಎಲ್ಲ ಕೇಳಿ, ಕೋಲಿನಿಂದ ಮೂಲೆ ತೋರಿಸಿದರು.

“ಆ ಕೂಳಿ ಕಬ್ಬಿನ್ಯಾಗ ಏನರ ಐತೇನ್ರಿ, ಅವ್ವಾರ?”

“ಏನಿಲ್ಲ” ಎಂದರು ಅತ್ತೆ. “ಅಲ್ಲಿಗೆ ಹೋಗೋದೇನೂ ಬ್ಯಾಡ.”

ನಾಯಕರು ಎಲೆಯನ್ನು ಕಣ್ಣಿಗೊತ್ತಿಕೊಂಡು ರುಮಾಲಿನ ಅಂಚಿಗೆ ಸಿಕ್ಕಿಸಿದರು. ಅತ್ತೆ ಬೆನ್ನು ತಿರುಗಿಸಿ ನನ್ನ ಕಡೆ ನಡೆದು ಬಂದು, ಏಳು, ಮನೆಗೆ ಹೋಗೋಣ ಎಂದರು. ಸೊಂಟ ಹಿಡಿದಿದೆ, ಸ್ವಲ್ಪ ಕೂತು ಬರುತ್ತೇನೆ ಎಂದೆ. ಸೊಂಟ ಹಿಡಿದದ್ದು ನಿಜ, ನೋಡುವ ಆಸೆ ಇದ್ದದ್ದೂ ನಿಜ. ಅವರಿಗೆ ನನ್ನನ್ನು ಎಬ್ಬಿಸಲು ಮನಸ್ಸಾಗದೆ ಒಬ್ಬರೇ ಹೋದರು.

ಕಾಲುವೆಯ ಏರಿಯುದ್ದಕ್ಕೂ ಪುಂಡಿನಾರಿನ ಬಲೆ ಕಟ್ಟಿದರು. ಆಚೆ ಕಡೆಯಿಂದ ಹಲಗೆ ಬಡಿಯುತ್ತ, ಕೂಗುತ್ತ ಜೊಂಡಿಗೆ ಇಳಿದರು. ಸಣ್ಣ ಪ್ರಾಣಿಯಾದರೆ ಸದ್ದಿಗೆ ಹೆದರಿ ಬಲೆಯ ಕಡೆ ಓಡುತ್ತಿತ್ತು. ಮುದಿ ಒಂಟಿಗ ಹಾಗಲ್ಲ. ಅದು ಅಲುಗದೆ ನಿಂತು ಕೇಳುತ್ತದೆ, ಸದ್ದು ಬರುವ ಕಡೆ ಮನುಷ್ಯರು, ಸುಮ್ಮನಿರುವ ಕಡೆ ಮೋಸ ಎಂದು ಅದಕ್ಕೆ ಗೊತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಜೊಂಡು ಒಂದೇ ಕಡೆ ಸೀಳಿತು. ಅದು ಹಲಗೆ ಬಡಿಯುವವರ ನಡುವೆಯೇ ನುಗ್ಗಿ, ಇಬ್ಬರನ್ನು ಕೆಡವಿ, ಬದುವಿನ ಮೇಲೆ ಹಾರಿ ಬಂತು. ನಾನು ಕಣ್ಣಾರೆ ಕಂಡ ಮೊದಲ ಹಂದಿ ಅದು. ಇಷ್ಟು ವರ್ಷ ಕೇಳಿದ ಮಾತುಗಳಲ್ಲಿ ಅದರ ವೇಗ ಎಲ್ಲೂ ಇರಲಿಲ್ಲ. ಬೆನ್ನ ಮೇಲಿನ ಕೂದಲು ನಿಗುರಿಸಿಕೊಂಡು ಕೂಳೆ ಕಬ್ಬಿನೊಳಗೆ ಹೊಕ್ಕು, ಆ ತುದಿಯಿಂದ ಹೊರಬಿದ್ದು, ಗುಡ್ಡದ ಕಡೆ ಹೊರಟೇ ಹೋಯಿತು.

ಹಿಂದೆಯೇ ನಾಯಿಗಳು ಹೊಕ್ಕವು. ಪ್ರಾಣಿ ಕೈ ತಪ್ಪಿತೆಂದು ತಿಳಿದು ನಾಯಕರು ಬೆರಳು ಬಾಯಿಗಿಟ್ಟು ಸಿಳ್ಳು ಹಾಕಿದರು, ನಾಯಿಗಳೆಲ್ಲ ಹಿಂದಕ್ಕೆ ಬಂದವು. ಆ ಕೆಂದ ನಾಯಿ ಮಾತ್ರ ಬರಲಿಲ್ಲ, ಒಳಗೆ ಒಂದೇ ಕಡೆ ನಿಂತು ಬೊಗಳುತ್ತಿತ್ತು. ಅಳಿಯ ಈಟಿಯನ್ನು ಬದುವಿನ ಮೇಲೆ ಚುಚ್ಚಿಟ್ಟು, ಬರಿಗೈಯಲ್ಲಿ ಹಗ್ಗ ಹಿಡಿದು, ನಾಯಿಯನ್ನು ಬೈಯುತ್ತ ಕಬ್ಬಿನೊಳಗೆ ನಡೆದ. ಅಲ್ಲಿ ಏನೂ ಇಲ್ಲ ಎಂದು ಹೇಳಿದ್ದರಲ್ಲ. ನಾನು ಎದ್ದು ನಿಂತೆ, ಕೂಗಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವನ ಕೂಗು ಕೇಳಿತು.

ಈಟಿಯವರು ನುಗ್ಗಿದರು, ಮುಂದೆ ನಾಯಕರು. ಕಬ್ಬು ಅಲ್ಲಾಡುವುದಷ್ಟೇ ನನಗೆ ಕಾಣುತ್ತಿತ್ತು. ಒಳಗೆ ಗದ್ದಲವೋ ಗದ್ದಲ. ಅದರ ನಡುವೆ ನಾಯಕರ ದನಿ ಒಂದೇ ಸಲ, ಗಟ್ಟಿಯಾಗಿ, “ಈಟಿ ಇಳಸ್ರಿ” ಎಂದಿತು. ಆಮೇಲೆ ಎಲ್ಲ ಸುಮ್ಮನಾಯಿತು. ಅವರು ಬೆನ್ನು ತಿರುಗಿಸದೆ, ಹಿಂದಿಂದಕ್ಕೆ ಹೆಜ್ಜೆ ಇಡುತ್ತ ಹೊರಗೆ ಬಂದರು. ಅಳಿಯನನ್ನು ಬಲೆಯಲ್ಲಿ ಮಲಗಿಸಿಕೊಂಡು ಹೊತ್ತು ಗಾಣದ ಕಟ್ಟೆಗೆ ತಂದರು. ಮೊಣಕಾಲಿನ ಹಿಂದಿನ ಮಾಂಸ ಕಿತ್ತು ಜೋಲಾಡುತ್ತಿತ್ತು. ರುಮಾಲು ಬಿಗಿಯುತ್ತಿದ್ದ ಮುದುಕನೊಬ್ಬ, ಗಂಡಾದರೆ ಕೋರೆಯಿಂದ ಸೀಳುತ್ತದೆ, ಇದು ಕಚ್ಚಿ ಹಿಡಿದು ಜಗ್ಗಿದ್ದು, ಹೆಣ್ಣೇ ಸೈ ಎಂದ. ಹುಡುಗನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾಯಿ ಎಲ್ಲಿ ಎಂದು ಕೇಳುತ್ತಿದ್ದ. ನಾಯಿ ಅಲ್ಲೇ ಇತ್ತು, ಅದಕ್ಕೆ ಏನೂ ಆಗಿರಲಿಲ್ಲ.

ನನ್ನ ಗಂಡ ಗಾಡಿ ಕಟ್ಟಿ ಅವನನ್ನು ಕಂಪ್ಲಿಯ ದವಾಖಾನೆಗೆ ಒಯ್ದರು. ಅತ್ತೆ ಸುದ್ದಿ ಕೇಳಿ ಓಡಿ ಬಂದವರು, ಗಾಡಿ ಹೋದ ದಾರಿಯಲ್ಲಿ ಬಿದ್ದಿದ್ದ ರಕ್ತದ ಮೇಲೆ ಮಣ್ಣು ಎಳೆಯುತ್ತ ಬಹಳ ಹೊತ್ತು ನಿಂತಿದ್ದರು. ಮರುದಿನ ಗೂಡು ನೋಡಿ ಬಂದರು. ಖಾಲಿಯಾಗಿತ್ತಂತೆ. ಕಾಲುವೆಯ ಕೆಸರಿನಲ್ಲಿ ದೊಡ್ಡ ಗೊರಸಿನ ಗುರುತು, ಪಕ್ಕದಲ್ಲಿ ಹೆಬ್ಬೆರಳಿನಷ್ಟು ಸಣ್ಣವು. ಹುಡುಗನನ್ನು ಎತ್ತಿಕೊಂಡು ಬರುವ ಗಡಿಬಿಡಿಯಲ್ಲಿ ಆಕೆಯನ್ನು ಬಿಟ್ಟು ಬಂದಿದ್ದಾರೆ, ದೇವರು ದೊಡ್ಡವನು ಎಂದು ಅತ್ತೆ ನನಗೆ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಸಮಾಧಾನ ಇರಲಿಲ್ಲ. ಅವತ್ತಿನಿಂದ ಅವರು ತಮಗೆ ತಾಟು ಹಾಕಿಕೊಳ್ಳುವುದನ್ನೇ ಬಿಟ್ಟರು. ನನಗೆ ಬಡಿಸಿ, ಎದುರಿಗೆ ಕೂತು, ನಾನು ಉಂಡದ್ದನ್ನು ನೋಡಿ ಎದ್ದು ಹೋಗುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬಂದಿತ್ತು. ನನ್ನ ಹೊಟ್ಟೆಯ ನೆಪದಲ್ಲಿ ಇನ್ನೊಬ್ಬರ ಮಗನನ್ನು ಹೀಗೆ ಮಾಡಿದಿರಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು, ಆ ಉಣ್ಣದ ಮುಖ ನೋಡಿ ಹಿಂದಕ್ಕೆ ಹೋಗುತ್ತಿತ್ತು.

ಹುಡುಗ ಉಳಿದ. ಕಾಲು ಮಾತ್ರ ಮುಂದೆ ಮಡಚಲು ಬರುವುದಿಲ್ಲ ಎಂದು ದವಾಖಾನೆಯವರು ಹೇಳಿದರು. ಓಟವೇ ಬದುಕಾದ ಕೇರಿಯಲ್ಲಿ ಆ ಮಾತಿನ ಅರ್ಥ ಏನು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅತ್ತೆ ಜೋಳ, ಬೆಲ್ಲ, ಒಂದು ಕಂಬಳಿ ಕಳಿಸಿದರು. ಅವರು ಬೇಡವೆನ್ನದೆ ತೆಗೆದುಕೊಂಡರು. ಅದು ಅತ್ತೆಗೆ ಇನ್ನೂ ಕಷ್ಟವಾಯಿತು.

ಆಮೇಲೊಂದು ಮಧ್ಯಾಹ್ನ ನಾಯಕರು ನಮ್ಮ ಅಂಗಳಕ್ಕೆ ಬಂದರು. ಕೈ ತಪ್ಪಿದ ಬೇಟೆಯ ವೀಳ್ಯವನ್ನು ಒಡೆಯರಿಗೆ ಒಪ್ಪಿಸಿ ಲೆಕ್ಕ ಮುಗಿಸುವುದು ಅವರ ಪದ್ಧತಿ. ಬಾಡಿ ಕಪ್ಪಾದ ಎಲೆಯನ್ನು ಕಟ್ಟೆಯ ಮೇಲೆ ಇಟ್ಟು, ಅಂಗಳದ ಅಂಚಿನಲ್ಲಿ ನಿಂತರು. ನಾನು ಬಾಗಿಲಿಗೆ ಒರಗಿ ಅಕ್ಕಿ ಆರಿಸುತ್ತಿದ್ದೆ. ಕುಂದ್ರಿ ಎಂದು ಅತ್ತೆ ಹೇಳಿದರು. ಅವರು ಕೂರಲಿಲ್ಲ.

ಗೂಡಿನ ಸೋಗೆ ಒಣಗಿತ್ತು ಎಂದರು ನಾಯಕರು. ಹಸಿ ಸೋಗೆಯಾಗಿದ್ದರೆ ರಾತ್ರಿ ಬಂದು ಕಟ್ಟಿದ್ದು, ಯಾರಿಗೂ ತಿಳಿಯದು ಅನ್ನಬಹುದಿತ್ತು. ಅಷ್ಟು ಒಣಗಬೇಕಾದರೆ ಬಹಳ ದಿನದ್ದು. ದಿನ ಬೆಳಗಾದರೆ ಗದ್ದೆ ಸುತ್ತುವವರು ನೀವು. ಇಷ್ಟನ್ನು ಅವರು ದನಿ ಏರಿಸದೆ, ನೆಲ ನೋಡುತ್ತ ಹೇಳಿದರು. ದೂರು ಹೇಳಿದ ಹಾಗೆ ಇರಲಿಲ್ಲ, ಜಾಡು ಹಿಡಿದು ಬಂದ ಹಾಗಿತ್ತು.

ಅತ್ತೆ ಸುಳ್ಳು ಮುಂದುವರಿಸಲಿಲ್ಲ. ಗೊತ್ತಿತ್ತು ಎಂದರು. ಕೋಲನ್ನು ಗೋಡೆಗೆ ಒರಗಿಸಿ ಎರಡೂ ಕೈ ಜೋಡಿಸಿದರು. ನಮ್ಮ ಮನೆಯ ಹಿರಿಯ ಹೆಂಗಸು ಆ ಕೇರಿಯವರಿಗೆ ಕೈ ಜೋಡಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು.

“ಮನ್ಯಾಗ ಬಸುರಿ ಅದಾಳ, ನಾಯಕರ. ಹೇಳಿದ್ರ ನೀವು ಆಕಿನ್ನ ಕೊಲ್ಲತಿದ್ರಿ. ಅದಕ್ಕ ಹೇಳ್ಲಿಲ್ಲ.”

ನಾಯಕರು ಮೊದಲ ಸಲ ತಲೆ ಎತ್ತಿ ಅತ್ತೆಯ ಮುಖ ನೋಡಿದರು. ಅವರಿಗೆ ಸಿಟ್ಟು ಬರುತ್ತದೆಂದು ನಾನು ಮೊರ ಕೆಳಗಿಟ್ಟೆ. ಬಂದದ್ದು ಸಿಟ್ಟಲ್ಲ, ಬೆರಗು.

“ನಮ್ಮ ಮನ್ಯಾಗೂ ಬಸುರ್ಯಾರು ಇರ್ತಾರಲ್ರಿ, ಅವ್ವಾರ” ಎಂದರು. “ಹಾಲು ಕುಡಿಸೋ ಮಿಕದ ಮ್ಯಾಲ ನಮ್ಮೋರು ಕೈ ಎತ್ತಂಗಿಲ್ಲ. ಹಿರ್ಯಾರ ಕಾಲದಿಂದ ಹಂಗ ಐತಿ. ನನ್ನ ಅಳಿಯನ ಕಾಲು ಆಕಿ ಬಾಯಾಗ ಇದ್ದಾಗೂ ನಾವು ಈಟಿ ಕೆಳಗ ಇಳಿಸೀವಿ. ನೀವು ಒಂದು ಮಾತು ಹೇಳಿದ್ರ, ಆ ಮೂಲಿಗೆ ನಾಯಿ ಬಿಡ್ತಿರಲಿಲ್ಲ.”

ಅತ್ತೆಯ ಜೋಡಿಸಿದ ಕೈ ಹಾಗೇ ಇತ್ತು. ಬಸುರಿಯ ಮುಂದೆ ಹಾದುಹೋಗಬಾರದೆಂದೋ ಏನೋ, ನಾಯಕರು ನಾನು ಕೂತಿದ್ದ ಬಾಗಿಲಿನಿಂದ ದೂರ ಸರಿದು, ಗೋಡೆಯ ಮಗ್ಗುಲಿಂದ ಹೊರಗೆ ಹೋದರು.

ಅತ್ತೆ ಕಟ್ಟೆಯ ಮೇಲೆ ಕುಸಿದು ಕೂತರು. ಅಡುಗೆಗೆ ಹೊತ್ತಾಯಿತು, ಎಮ್ಮೆ ಕರೆಯುವ ಹೊತ್ತಾಯಿತು, ಅವರು ಏಳಲಿಲ್ಲ. ದೀಪ ಹಚ್ಚಿ ತಂದು ಪಕ್ಕದಲ್ಲಿಟ್ಟೆ. ಆಗ ನನ್ನ ಕಡೆ ನೋಡದೆ ಕೇಳಿದರು.

“ಮಿಕ ಎಲ್ಲಿ ಮಲಗ್ತೈತಿ, ಏನು ತಿಂತೈತಿ, ಎಲ್ಲಾ ಕಂಡಿದ್ದೆ. ಈ ಮಂದಿನ್ನ ಮಾತ್ರ ಒಂದು ದಿನ ಕೇಳ್ಲಿಲ್ಲ. ಅವ್ರಿಗೂ ಹಂಗ ಅನಿಸ್ತೈತಂತ ನನಗ್ಯಾಕ ಹೊಳೀಲಿಲ್ಲ?”

ಆ ಬೆಳಿಗ್ಗೆ ಗಾಣದ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡಿದ, ಕಿವಿಯಾರೆ “ಈಟಿ ಇಳಸ್ರಿ” ಎಂದದ್ದನ್ನು ಕೇಳಿದ ನನಗೂ ಅದು ಹೊಳೆದಿರಲಿಲ್ಲ.